ಪಾಡ್‌ಕಾಸ್ಟ್: ಅವಳು ಬೇಡ ಅಂದ ಮೇಲೂ ಎರಡು ವರ್ಷ ಕಾದೆ

(ಈ ವಾರದ ಸಂಚಿಕೆಯ ಅಕ್ಷರರೂಪ ಇದು. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇವೆ.)

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರೋರಿಗೆ, ಕೆಲಸ ಮುಗಿಸಿ ಪಿಜಿ ರೂಮಲ್ಲಿ ಮಲಗಿ ಕೇಳ್ತಿರೋರಿಗೆ, ರಾತ್ರಿ ಎರಡು ಗಂಟೆಗೆ ನಿದ್ದೆ ಬರದೆ ಕೇಳ್ತಿರೋರಿಗೆ, ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಮುಖ್ಯವಾಗಿ ಆ ಕೊನೆಯವರಿಗೆ.

ವಿಷಯ ತುಂಬಾ ಹಳೇದು. ನಾವು ಒಬ್ಬರನ್ನ ಪ್ರೀತಿಸ್ತೀವಿ, ಅವರು ನಮ್ಮನ್ನ ಪ್ರೀತಿಸಲ್ಲ. ಅಷ್ಟೇ. ಹೇಳೋಕೆ ಒಂದು ಸಾಲು ಸಾಕು, ಅನುಭವಿಸೋಕೆ ವರ್ಷಗಳು ಹಿಡಿಯುತ್ತೆ. ನನಗೆ ಎರಡು ವರ್ಷಕ್ಕಿಂತ ಜಾಸ್ತಿ ಹಿಡೀತು. ಆ ಕಥೆ ಹೇಳ್ತೀನಿ. ಅದರಲ್ಲಿ ನಾನು ಹೀರೋ ಅಲ್ಲ ಅನ್ನೋದನ್ನ ಮೊದಲೇ ಹೇಳಿಬಿಡ್ತೀನಿ. ಆ ಹುಡುಗಿಯ ಹೆಸರು, ಊರು, ಓದಿದ ಕಾಲೇಜು ಯಾವುದನ್ನೂ ಹೇಳಲ್ಲ. ಅವರ ಬದುಕು ಅವರದು.

ನನ್ನೂರು ಎನ್. ಬೇಗೂರು. ಮೈಸೂರು ಜಿಲ್ಲೆ, ಎಚ್.ಡಿ. ಕೋಟೆ ಕಡೆ, ಬಂಡೀಪುರ ಕಾಡಿನ ಅಂಚು. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದಲ್ಲಿ ನಮ್ಮೂರ ಹೆಸರಿನದೇ ಒಂದು ಅರಣ್ಯ ವಲಯ ಇದೆ. ಪೇಟೆ ಅಂದ್ರೆ ನಮಗೆ ಸರಗೂರು, ಇನ್ನೂ ದೊಡ್ಡದು ಬೇಕಂದ್ರೆ ಕೋಟೆ, ಅದಕ್ಕೂ ದೊಡ್ಡದು ಮೈಸೂರು. ಕತ್ತಲಾದ ಮೇಲೆ ನಮ್ಮ ಕಡೆ ರಸ್ತೇಲಿ ಒಬ್ಬೊಬ್ಬರೇ ಓಡಾಡಲ್ಲ, ಆನೆ ಭಯ. ಹಾಗಾಗಿ ಕಾಲೇಜು ಹುಡುಗರ ಬದುಕೆಲ್ಲ ಬೆಳಗಿನ ಬಸ್ಸು, ಸಂಜೆ ಬಸ್ಸು, ಇವೆರಡರ ಮಧ್ಯೆನೇ ನಡೆಯೋದು.

ನನ್ನ ಕಥೆ ಶುರುವಾಗಿದ್ದೂ ಬಸ್ಸಲ್ಲೇ.

‘ಬೇಜಾರ್ ಮಾಡ್ಕೋಬೇಡ’ ಅನ್ನೋದು ಮಾತ್ರ ಕೇಳಿಸ್ತು

ಡಿಗ್ರಿ ಮೊದಲನೇ ವರ್ಷ. ಅವಳು ನನ್ನ ಕ್ಲಾಸು, ದಾರಿ ಮಧ್ಯದ ಒಂದು ಊರಲ್ಲಿ ಬಸ್ ಹತ್ತೋಳು. ಸೀಟು ಸಿಗದೇ ಇದ್ರೆ ಅವಳ ಬ್ಯಾಗು ನಾನು ಇಟ್ಕೊಳ್ತಿದ್ದೆ. ಅವಳು ಕೂತಿದ್ರೆ ನನ್ನ ಬ್ಯಾಗು ಅವಳು ಇಟ್ಕೊಳ್ತಿದ್ಲು. ಅಕೌಂಟೆನ್ಸಿ ನೋಟ್ಸ್ ಕೊಡ್ತಿದ್ಲು. ನಾನು ಏನಾದ್ರೂ ಹೇಳಿದ್ರೆ ನಗ್ತಿದ್ಲು. ಇಷ್ಟೇ ನಡೆದದ್ದು. ಇಷ್ಟನ್ನೇ ಇಟ್ಕೊಂಡು ನಾನು ತಲೆ ಒಳಗೆ ಒಂದು ಮದುವೆ ಛತ್ರ ಬುಕ್ ಮಾಡಿ, ಲಗ್ನಪತ್ರಿಕೆ ಹಂಚಿ, ಮಗಳಿಗೆ ಹೆಸರೂ ಇಟ್ಟಿದ್ದೆ.

ಎರಡನೇ ಸೆಮಿಸ್ಟರ್ ಮುಗಿಯೋ ಹೊತ್ತಿಗೆ ಧೈರ್ಯ ಮಾಡಿ ಹೇಳಿದೆ. ಬಸ್ ಸ್ಟ್ಯಾಂಡಲ್ಲಿ, ಜೆರಾಕ್ಸ್ ಅಂಗಡಿ ಮುಂದೆ. ಅವಳು ಒಂದು ನಿಮಿಷ ಸುಮ್ಮನಿದ್ಲು. ಆಮೇಲೆ ಮೆತ್ತಗೆ ಹೇಳಿದ್ಲು: “ನನಗೆ ನಿನ್ನ ಮೇಲೆ ಆ ಥರ ಏನೂ ಇಲ್ಲ ಕಣೋ. ಬೇಜಾರ್ ಮಾಡ್ಕೋಬೇಡ.”

ಇದರಲ್ಲಿ ಎರಡು ವಾಕ್ಯ ಇದೆ. ಮೊದಲನೇದು ಉತ್ತರ. ಎರಡನೇದು ಮರ್ಯಾದೆ. ನಾನು ಏನು ಮಾಡಿದೆ ಗೊತ್ತಾ? ಮೊದಲನೇ ವಾಕ್ಯ ಕೇಳಿಸ್ಕೊಳ್ಳಲೇ ಇಲ್ಲ. ‘ಬೇಜಾರ್ ಮಾಡ್ಕೋಬೇಡ ಅಂದ್ಲು ಅಂದ್ರೆ ನನ್ನ ಬೇಜಾರಿನ ಬಗ್ಗೆ ಅವಳಿಗೆ ಕಾಳಜಿ ಇದೆ. ಕಾಳಜಿ ಇದೆ ಅಂದ್ರೆ ಪ್ರೀತಿ ಇದೆ. ಪ್ರೀತಿ ಇದೆ, ಮನೆಯವರ ಭಯಕ್ಕೆ ಹೇಳ್ತಿಲ್ಲ.’ ಹೀಗೆ ಮೂರೇ ಮೆಟ್ಟಿಲಲ್ಲಿ ‘ಇಲ್ಲ’ ಅನ್ನೋದನ್ನ ‘ಹೌದು’ ಮಾಡ್ಕೊಂಡೆ.

ಈ ‘ಮನೆಯವರ ಭಯ’ ಅನ್ನೋ ಮೆಟ್ಟಿಲ ಬಗ್ಗೆ ಒಂದು ಮಾತು. ನಮ್ಮ ಊರುಗಳಲ್ಲಿ ಜಾತಿ ಕಾರಣಕ್ಕೆ, ಮನೆಯವರ ಕಾರಣಕ್ಕೆ, ಇಬ್ಬರಿಗೂ ಇಷ್ಟ ಇದ್ದೂ ಮುರಿದುಹೋದ ಪ್ರೀತಿಗಳು ಬೇಕಾದಷ್ಟಿವೆ. ಅದು ನಿಜವಾದ ನೋವು, ಅದರ ಕಥೆ ಬೇರೆ. ಆದರೆ ಮನೆಯವರು ಬೇಡ ಅಂದದ್ದೂ ಅವಳು ಬೇಡ ಅಂದದ್ದೂ ಒಂದೇ ಅಲ್ಲ. ಅವಳು ತನ್ನ ಬಾಯಲ್ಲಿ ಬೇಡ ಅಂದಿದ್ದನ್ನ ನಾವು ಅವರಪ್ಪನ ಲೆಕ್ಕಕ್ಕೆ ಬರ್ಕೊಂಡ್ರೆ, ಅವಳಿಗೆ ಒಂದು ಸ್ವಂತ ಮನಸ್ಸಿದೆ ಅನ್ನೋದನ್ನೇ ನಾವು ಒಪ್ಪಿಲ್ಲ ಅಂತ ಅರ್ಥ.

ಫ್ರೆಂಡ್ಸ್ ಹತ್ರ ಹೇಳಿದೆ. ಅವರು ಏನಂದ್ರು ಅಂತ ನಿಮಗೆ ಗೊತ್ತೇ ಇದೆ. “ಮಗಾ, ಟ್ರೈ ಮಾಡ್ತಾ ಇರು. ಹುಡ್ಗೀರು ಮೊದ್ಲು ಹಂಗೇ ಅನ್ನೋದು.” ಈ ಮಾತನ್ನ ಅವರಿಗೆ ಕಲಿಸಿದ್ದು ಸಿನಿಮಾ. ನಮ್ಮ ಎಷ್ಟು ಸಿನಿಮಾಗಳಲ್ಲಿ ಹುಡುಗಿ ಇಂಟರ್ವಲ್‌ಗೆ ಮುಂಚೆ ಬೈದು, ಇಂಟರ್ವಲ್ ಆದ ಮೇಲೆ ಒಪ್ಪಿಲ್ಲ ಹೇಳಿ? 2006ರ ಕೊನೇಲಿ ‘ಮುಂಗಾರು ಮಳೆ’ ಬಂತು. ಅದರಲ್ಲಿ ಹೀರೋ ಕೊನೆಗೆ ಬಿಟ್ಟುಕೊಟ್ಟು ಹೊರಟು ಹೋಗ್ತಾನೆ ಅನ್ನೋದಕ್ಕೇ ಇಡೀ ಕರ್ನಾಟಕ ಅತ್ತಿತು. ಆದರೆ ಅಲ್ಲೂ ನಂದಿನಿಗೆ ಪ್ರೀತಂ ಮೇಲೆ ಪ್ರೀತಿ ಹುಟ್ಟಿರುತ್ತೆ. ಸುಮ್ಮನೆ ಇಷ್ಟ ಇಲ್ಲ, ಕೊನೇವರೆಗೂ ಇಷ್ಟ ಆಗಲ್ಲ, ಅದರಲ್ಲಿ ಅವಳ ತಪ್ಪೂ ಇಲ್ಲ ಅನ್ನೋ ಕಥೇನ ನಮಗೆ ಯಾರೂ ಸರಿಯಾಗಿ ಹೇಳೇ ಇಲ್ಲ.

ತಲೆ ಒಳಗೆ ಏನಾಗ್ತಿರುತ್ತೆ

ಆಮೇಲೆ ಎರಡು ವರ್ಷ ನಾನು ಬದುಕಿದ್ದು ಅವಳ ವಾಟ್ಸಾಪ್ ಒಳಗೆ. ಡಿಪಿ ಬದಲಾಯಿಸಿದ್ಲಾ? ಲಾಸ್ಟ್ ಸೀನ್ ಎಷ್ಟೊತ್ತು? ನಾನು ಹಾಕಿದ ಸ್ಟೇಟಸ್ ನೋಡಿದ್ಲಾ? ನೋಡಿದ್ರೆ ಅವತ್ತು ಹಬ್ಬ. ನೋಡಿಲ್ಲ ಅಂದ್ರೆ ಅವತ್ತು ಊಟ ಸೇರ್ತಿರಲಿಲ್ಲ. ಸ್ಟೇಟಸ್ ಹಾಕ್ತಿದ್ದದ್ದೇ ಅವಳೊಬ್ಬಳಿಗೋಸ್ಕರ.

ಇದು ನನ್ನೊಬ್ಬನ ಹುಚ್ಚು ಅಂತ ಅಂದ್ಕೊಂಡಿದ್ದೆ. ಈ ಸಂಚಿಕೆಗೆ ಅಂತ ಓದೋಕೆ ಕೂತಾಗ ಗೊತ್ತಾಯ್ತು, ಇದಕ್ಕೆ ಹೆಸರೇ ಇದೆ. ಡೊರೊಥಿ ಟೆನೊವ್ ಅನ್ನೋ ಅಮೆರಿಕದ ಮನಃಶಾಸ್ತ್ರಜ್ಞೆ ನೂರಾರು ಜನರನ್ನ ಮಾತಾಡಿಸಿ 1979ರಲ್ಲಿ ಒಂದು ಪುಸ್ತಕ ಬರೆದರು. ಒಬ್ಬ ವ್ಯಕ್ತಿಯ ಬಗ್ಗೆ ಬೇಡ ಅಂದ್ರೂ ಸದಾ ಯೋಚನೆ ಬರೋದು, ಅವರ ಸಣ್ಣ ಸಣ್ಣ ನಡೆಯಲ್ಲೂ ಸೂಚನೆ ಹುಡುಕೋದು, ಈ ಸ್ಥಿತಿಗೆ ಅವರು ‘ಲಿಮರೆನ್ಸ್’ ಅಂತ ಹೆಸರಿಟ್ಟರು. ಅವರು ಕಂಡುಕೊಂಡ ಮುಖ್ಯ ವಿಷಯ ಏನಂದ್ರೆ, ಇದು ಬೆಳೆಯೋದು ಪ್ರೀತಿ ಸಿಕ್ಕಿದಾಗ ಅಲ್ಲ. ಸಿಗಬಹುದೇನೋ ಅನ್ನೋ ಅನುಮಾನ, ಸಣ್ಣ ಆಸೆ, ಇವೆರಡೇ ಅದಕ್ಕೆ ನೀರು ಗೊಬ್ಬರ.

2010ರಲ್ಲಿ ಹೆಲೆನ್ ಫಿಶರ್ ಮತ್ತು ಅವರ ಜೊತೆಯವರು ಒಂದು ಅಧ್ಯಯನ ಪ್ರಕಟಿಸಿದರು. ಪ್ರೀತಿಸಿದವರು ಬಿಟ್ಟುಹೋದ ಮೇಲೂ ಅವರನ್ನೇ ಪ್ರೀತಿಸ್ತಿದ್ದ 15 ಜನ ಯುವಕ ಯುವತಿಯರನ್ನ ಸ್ಕ್ಯಾನರ್ ಒಳಗೆ ಮಲಗಿಸಿ, ಅವರ ಫೋಟೋ ತೋರಿಸಿದರು. ಚುರುಕಾದ ಮಿದುಳಿನ ಭಾಗಗಳಲ್ಲಿ ಚಟಕ್ಕೆ ಬಿದ್ದವರು ಹಂಬಲಿಸುವಾಗ ಚುರುಕಾಗುವ ಭಾಗಗಳೂ ಇದ್ದವು. ಹೋದ ಮೇಲೆ ಹಂಬಲ ಕಮ್ಮಿ ಆಗಿರಲಿಲ್ಲ. 2011ರ ಇನ್ನೊಂದು ಅಧ್ಯಯನದಲ್ಲಿ, ಈಥನ್ ಕ್ರಾಸ್ ಅವರ ತಂಡ 40 ಜನರನ್ನ ಪರೀಕ್ಷಿಸಿತು. ದೂರ ಆದವರ ಫೋಟೋ ನೋಡಿದಾಗ, ಕೈಗೆ ಬಿಸಿ ತಗುಲಿಸಿದಾಗ ಕೆಲಸ ಮಾಡುವ ಕೆಲವು ಭಾಗಗಳು ಇಲ್ಲೂ ಕೆಲಸ ಮಾಡಿದವು. ಅಂದ್ರೆ ‘ಎದೆ ಉರೀತಿದೆ’ ಅಂತ ಯಾರಾದ್ರೂ ಅಂದ್ರೆ ಅದು ಬರೀ ಮಾತಲ್ಲ. ನಗಬೇಡಿ ಅವರ ಮೇಲೆ.

ಇನ್ನೊಂದು, ಇದು ಹಳೇದು: ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗ. ಗುಂಡಿ ಕುಕ್ಕಿದಾಗೆಲ್ಲ ಕಾಳು ಸಿಗ್ತಿದ್ದ ಪಾರಿವಾಳ, ಕಾಳು ನಿಂತ ಮೇಲೆ ಬೇಗ ಕುಕ್ಕೋದು ಬಿಡುತ್ತೆ. ಒಮ್ಮೆ ಸಿಕ್ಕಿ ಒಮ್ಮೆ ಸಿಗದೇ, ಯಾವಾಗ ಸಿಗುತ್ತೆ ಅಂತಲೇ ಗೊತ್ತಿಲ್ಲದ ಪಾರಿವಾಳ ಕುಕ್ಕುತ್ತಲೇ ಇರುತ್ತೆ. ನನ್ನ ಗೆಳತಿ ಒಬ್ಬಳಿದ್ದಾಳೆ, ಇಲ್ಲಿ ಮೈಸೂರಲ್ಲಿ ಕೆಲಸ ಮಾಡೋಳು. ಅವಳು ಇಷ್ಟಪಟ್ಟ ಹುಡುಗ ಹೂಂ ಅನ್ನಲ್ಲ, ಊಹೂಂ ಅನ್ನಲ್ಲ. ಹತ್ತು ದಿನ ಮೆಸೇಜ್ ಇಲ್ಲ, ಹನ್ನೊಂದನೇ ದಿನ ‘ಗುಡ್ ಮಾರ್ನಿಂಗ್, ತಿಂಡಿ ಆಯ್ತಾ’ ಅಂತಾನೆ. ಅವಳಿಗೆ ಆ ಒಂದು ಕಾಳಿನ ಮೇಲೆ ಮತ್ತೆ ಹತ್ತು ದಿನ. ಹುಡುಗರಿಗೆ ಮಾತ್ರ ಆಗೋ ಕಾಯಿಲೆ ಅಲ್ಲ ಇದು. ಹುಡುಗೀರು ಹೊರಗೆ ಹೇಳ್ಕೊಳ್ಳೋದು ಕಮ್ಮಿ ಅಷ್ಟೇ.

ಇದನ್ನ ಕೇಳ್ತಿರೋರಲ್ಲಿ ಹೀಗೆ ಕಾಳು ಹಾಕೋರೂ ಇರಬಹುದು. ನಿಮಗೆ ಇಷ್ಟ ಇಲ್ಲ ಅಂದ್ರೆ ಸ್ಪಷ್ಟವಾಗಿ ಹೇಳಿ. ನೋವಾಗುತ್ತೆ ಅಂತ ಅರ್ಧಂಬರ್ಧ ಹೇಳಿದ್ರೆ ನೋವು ಮುಂದಕ್ಕೆ ಹೋಗುತ್ತೆ, ಕಮ್ಮಿ ಆಗಲ್ಲ.

ಅಟ್ಟಣೆ ಮೇಲಿನ ರಾತ್ರಿ

ಕೊನೇ ವರ್ಷ, ಡಿಸೆಂಬರ್. ರಾಗಿ ತೆನೆ ಬಲಿತು ಕುಯಿಲಿಗೆ ಬಂದಿತ್ತು. ಕಾಡಂಚಿನ ಊರುಗಳಲ್ಲಿ ಆ ತಿಂಗಳು ಯಾರೂ ನೆಮ್ಮದಿಯಾಗಿ ಮನೇಲಿ ಮಲಗಲ್ಲ. ಆನೆ ಕಂದಕ ಇರುತ್ತೆ, ಸೋಲಾರ್ ಬೇಲಿ ಇರುತ್ತೆ, ಆದರೂ ಆನೆ ಬರೋದು ಬಂದೇ ಬರುತ್ತೆ. ಮರದ ಮೇಲೆ ಅಟ್ಟಣೆ ಕಟ್ಕೊಂಡು, ಟಾರ್ಚು, ಪಟಾಕಿ, ತಗಡಿನ ಡಬ್ಬ ಇಟ್ಕೊಂಡು ರಾತ್ರಿಯೆಲ್ಲ ಕಾಯಬೇಕು. ಅವತ್ತು ಅಪ್ಪನಿಗೆ ಜ್ವರ. ಕಾಯೋ ಸರದಿ ನಂದು.

ಅಟ್ಟಣೆ ಮೇಲೆ ಒಂದು ಮೂಲೇಲಿ ಮಾತ್ರ ನೆಟ್‌ವರ್ಕ್ ಒಂದು ಕಡ್ಡಿ ಬರೋದು. ನಾನು ಆ ಮೂಲೆಗೇ ಅಂಟ್ಕೊಂಡು ಕೂತಿದ್ದೆ. ಅವಳು ಆನ್‌ಲೈನ್ ಅಂತ ತೋರಿಸ್ತಿತ್ತು, ರಾತ್ರಿ ಒಂದೂವರೆ. ಇಷ್ಟೊತ್ತಲ್ಲಿ ಯಾರ ಜೊತೆ ಮಾತಾಡ್ತಿದ್ದಾಳೆ? ಇಯರ್‌ಫೋನಲ್ಲಿ ಹಾಡು, ಕಣ್ಣು ಸ್ಕ್ರೀನಲ್ಲಿ. ಪಕ್ಕದ ಹೊಲದವರು ಕೂಗಿದ್ದು ಕೇಳಿಸ್ಲಿಲ್ಲ. ಡಬ್ಬ ಬಡಿದದ್ದು ಕೇಳಿಸ್ಲಿಲ್ಲ. ನಾನು ತಲೆ ಎತ್ತಿದಾಗ ಆನೆಗಳು ನಮ್ಮ ಹೊಲದ ನಡುವೆ ಇದ್ದವು. ಒಂದು ಮರಿ ಬೇರೆ ಇತ್ತು.

ಬೆಳಕು ಹರಿಯೋ ಹೊತ್ತಿಗೆ ಅರ್ಧಕ್ಕೂ ಹೆಚ್ಚು ರಾಗಿ ಇರಲಿಲ್ಲ. ತಿಂದದ್ದಕ್ಕಿಂತ ತುಳಿದದ್ದು ಜಾಸ್ತಿ. ಅಪ್ಪ ಜ್ವರದಲ್ಲೇ ಬಂದು ಬದು ಮೇಲೆ ನಿಂತು ನೋಡಿದರು. ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಪರಿಹಾರಕ್ಕೆ ಅರ್ಜಿ ಬರೆಯೋಕೆ ಆಧಾರ್ ಕಾರ್ಡು ಎಲ್ಲಿದೆ ನೋಡು ಅಂದ್ರು, ಅಷ್ಟೇ.

ಅಜ್ಜಿಗೆ ಎಲ್ಲ ಗೊತ್ತಿತ್ತು. ಅಜ್ಜಿಯರಿಗೆ ಹೇಗೋ ಗೊತ್ತಾಗಿಬಿಡುತ್ತೆ. ಜಗಲಿ ಮೇಲೆ ಕೂತು ಎಲೆಗೆ ಸುಣ್ಣ ಸವರ್ತಾ ಹೇಳ್ತು: “ಬರ್ದೇ ಇರೋರ್ ದಾರಿ ಕಾಯ್ತಾ ಕುಂತಿದ್ದೆ ಕಣ್ಲಾ. ಬಂದೋರ್ನ ನೀನು ನೋಡ್ಲಿಲ್ಲ.”

ಕಥೇಲಾದ್ರೆ ನಾನು ಅವತ್ತೇ ಬದಲಾಗಬೇಕಿತ್ತು. ಆಗ್ಲಿಲ್ಲ. ನಾಚಿಕೆ ಆಯ್ತು, ಒಂದು ವಾರ ಫೋನ್ ಮುಟ್ಟಲಿಲ್ಲ, ಎಂಟನೇ ದಿನ ಮತ್ತೆ ಅದೇ. ನನ್ನ ಮನೆಗೆ ಆದ ನಷ್ಟ ಕಣ್ಣಿಗೆ ಕಂಡಿತ್ತು. ಅವಳಿಗೆ ಆಗ್ತಿದ್ದ ನಷ್ಟ ಇನ್ನೂ ಕಂಡಿರಲಿಲ್ಲ.

ಅವಳ ಫೋನ್ ಬಂತು

ಕೊನೇ ಸೆಮಿಸ್ಟರ್. ಕಾಲೇಜು ಮುಗಿದುಹೋಗುತ್ತೆ, ಇನ್ನು ಅವಳು ಕಾಣಲ್ಲ ಅನ್ನೋ ಭಯ ಹತ್ತಿತು. ರಜೆ ದಿನಗಳಲ್ಲೂ ಅವಳ ಊರಿನ ಬಸ್ ಸ್ಟಾಪಿಗೆ ಹೋಗಿ ನಿಲ್ಲೋಕೆ ಶುರು ಮಾಡಿದೆ. ಮಾತಾಡಿಸ್ತಿರಲಿಲ್ಲ, ಹತ್ರ ಹೋಗ್ತಿರಲಿಲ್ಲ. ‘ನಾನು ಏನೂ ತೊಂದ್ರೆ ಕೊಡ್ತಿಲ್ಲವಲ್ಲ, ದೂರದಿಂದ ನೋಡ್ತೀನಿ ಅಷ್ಟೇ’ ಅಂತ ನನಗೆ ನಾನೇ ಸರ್ಟಿಫಿಕೇಟ್ ಕೊಟ್ಕೊಂಡಿದ್ದೆ. ಟೀ ಅಂಗಡಿ ಮುಂದೆ ಕೂರೋನು. ಸಣ್ಣ ಊರು ಅದು. ಬೇರೆ ಊರಿನ ಹುಡುಗ ನಾಲ್ಕು ದಿನ ಬಂದು ಕೂತ್ರೆ ಐದನೇ ದಿನ ಇಡೀ ಊರಿಗೆ ಗೊತ್ತಾಗುತ್ತೆ.

ಒಂದು ಸಂಜೆ ಗೊತ್ತಿಲ್ಲದ ನಂಬರಿಂದ ಫೋನ್ ಬಂತು. ಅವಳು. ಅವರಮ್ಮನ ಫೋನಿಂದ ಮಾಡಿದ್ಲು. ಎರಡು ವರ್ಷದಲ್ಲಿ ಅವಳಾಗಿ ಮಾಡಿದ ಮೊದಲನೇ ಫೋನು. ಹಲೋ ಅಂದ ತಕ್ಷಣ ನನ್ನ ಎದೆ ಹಾರಿದ್ದು ಈಗ ನೆನೆಸ್ಕೊಂಡ್ರೆ ಅಸಹ್ಯ ಆಗುತ್ತೆ.

ಅವಳು ಹೇಳಿದ್ದು ಇಷ್ಟು: “ನೀನು ಬಂದು ನಿಲ್ಲೋದನ್ನ ಯಾರೋ ನಮ್ಮಪ್ಪಂಗೆ ಹೇಳಿದ್ದಾರೆ. ನಾಳೆಯಿಂದ ಕಾಲೇಜು ಬೇಡ, ಮನೇಲಿರು ಅಂತಿದ್ದಾರೆ. ನನ್ನ ಫೋನ್ ಕಿತ್ಕೊಂಡಿದ್ದಾರೆ. ಪರೀಕ್ಷೆಗೆ ಇನ್ನು ಎರಡು ತಿಂಗಳು. ಎರಡು ವರ್ಷದ ಹಿಂದೇನೇ ನಾನು ಇಲ್ಲ ಅಂತ ಹೇಳಿದ್ದೆ ತಾನೇ? ಇನ್ನೆಷ್ಟು ಸಲ ಹೇಳ್ಬೇಕು? ನನಗೆ ಡಿಗ್ರಿ ಬೇಕು ಕಣೋ.”

ಅಳ್ತಿರಲಿಲ್ಲ. ಸಿಟ್ಟಲ್ಲಿ ಗಂಟಲು ನಡುಗ್ತಿತ್ತು. ಇಟ್ಟುಬಿಟ್ಲು.

ನಮ್ಮ ಕಡೆ ಲೆಕ್ಕ ಹೇಗೆ ಅಂತ ಗೊತ್ತಲ್ಲ. ಹುಡುಗ ಹಿಂದೆ ಬಿದ್ರೆ ಹುಡುಗನ ಓದು ನಿಲ್ಲಲ್ಲ. ಹುಡುಗಿ ಓದು ನಿಲ್ಲುತ್ತೆ. ಯಾರಿಗೂ ಗೊತ್ತಾಗೋಕೆ ಮುಂಚೆ ಮದುವೆ ಮಾಡಿಬಿಡೋಣ ಅಂತಾರೆ. ನಾನು ‘ದೂರದಿಂದ ನೋಡಿದ್ದೆ ಅಷ್ಟೇ’. ಅದಕ್ಕೆ ಅವಳು ಕೊಡಬೇಕಾಗಿದ್ದ ಬೆಲೆ ಮೂರು ವರ್ಷದ ಓದು.

ಮಾರನೇ ದಿನ ನಮ್ಮ ಮೇಡಂ ಒಬ್ಬರ ಹತ್ರ ಹೋಗಿ ಎಲ್ಲ ಹೇಳಿದೆ. ಅವರು ನನಗೆ ಚೆನ್ನಾಗಿ ಬೈದರು. ಆಮೇಲೆ ಅವರೇ ಹೋಗಿ ಅವಳ ಅಪ್ಪ ಅಮ್ಮನ ಜೊತೆ ಮಾತಾಡಿದರು. ತಪ್ಪು ಹುಡುಗಂದು, ಹುಡುಗಿದಲ್ಲ, ಅವನು ಇನ್ನು ಆ ಕಡೆ ಬರಲ್ಲ ಅಂತ. ನನ್ನಿಂದ ಒಂದು ಕಾಗದ ಬರೆಸ್ಕೊಂಡು ಹೋಗಿದ್ರು. ಅವಳು ಪರೀಕ್ಷೆ ಬರೆದ್ಲು. ನಾನು ಬಸ್ ಬದಲಾಯಿಸಿದೆ, ಒಂದು ಗಂಟೆ ಮುಂಚಿನ ಬಸ್ಸಿಗೆ ಹೋಗ್ತಿದ್ದೆ. ನನ್ನ ಅದೃಷ್ಟಕ್ಕೆ ಅಲ್ಲಿಗೆ ನಿಂತಿತು. ಈಗಿನ ಕಾನೂನು ಕೂಡ ತಿಳ್ಕೊಂಡಿರಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ, ಇಷ್ಟ ಇಲ್ಲ ಅಂತ ಹೆಣ್ಣುಮಗಳು ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸೋದು, ಸಂಪರ್ಕಿಸೋಕೆ ನೋಡೋದು ಅಪರಾಧ. ಮೊದಲನೇ ಸಲ ಮೂರು ವರ್ಷದವರೆಗೆ, ಮತ್ತೆ ಮಾಡಿದ್ರೆ ಐದು ವರ್ಷದವರೆಗೆ ಶಿಕ್ಷೆ ಆಗಬಹುದು. ಹಳೇ ಕಾನೂನಲ್ಲೂ ಇದು ಅಪರಾಧವೇ ಆಗಿತ್ತು. ನನಗೆ ಗೊತ್ತಿರಲಿಲ್ಲ ಅಷ್ಟೇ.

ಆಮೇಲೆ ಒಂದು ಅಧ್ಯಯನ ಓದಿದೆ. ರಾಯ್ ಬಾಮೈಸ್ಟರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ್ದು. ಪ್ರೀತಿಸಿ ಸೋತವರ ಕಥೇನೂ, ಬೇಡ ಅಂದವರ ಕಥೇನೂ ಎರಡನ್ನೂ ಬರೆಸಿ ಹೋಲಿಸಿದರು. ಸೋತವರು ಆ ದಿನಗಳನ್ನ ಸಿಹಿ ಕಹಿ ಎರಡೂ ಬೆರೆಸಿ ನೆನೆಸ್ಕೊಂಡರು. ಬೇಡ ಅಂದವರಿಗೆ ಸಿಹಿ ತುಂಬಾ ಕಮ್ಮಿ, ತಪ್ಪಿತಸ್ಥ ಭಾವನೆ, ಕಿರಿಕಿರಿ, ಏನು ಮಾಡಬೇಕು ಅಂತ ಗೊತ್ತಾಗದ ಸಂಕಟವೇ ಜಾಸ್ತಿ. ಪ್ರೀತಿಸೋನಿಗೆ ಹೇಗೆ ನಡ್ಕೋಬೇಕು ಅಂತ ನೂರು ಹಾಡು, ನೂರು ಸಿನಿಮಾ ಹೇಳಿಕೊಡುತ್ತೆ. ಬೇಡ ಅನ್ನೋಳಿಗೆ ಹೇಳಿಕೊಡೋ ಹಾಡಿಲ್ಲ. ನಮ್ಮ ನೋವು ದೊಡ್ಡದು ಅಂತ ನಾವು ಅಂದ್ಕೊಂಡಿರ್ತೀವಿ. ಆ ಕಡೆ ಒಬ್ಬರು ಏನೂ ತಪ್ಪು ಮಾಡದೇ ಸುಮ್ಮನೆ ಭಾರ ಹೊರ್ತಿರ್ತಾರೆ.

ನಾಗಚಂದ್ರನ ರಾವಣ

ದ್ವಿತೀಯ ಪಿಯುಸಿ ಕನ್ನಡದಲ್ಲಿ ನಾಗಚಂದ್ರನ ಪದ್ಯ ಓದಿದ್ದು ನೆನಪಿದ್ಯಾ? ಅಭಿನವ ಪಂಪ ಅಂತ ಕರೀತಾರಲ್ಲ, ರಾಮಚಂದ್ರ ಚರಿತ ಪುರಾಣ ಬರೆದ ಜೈನ ಕವಿ. ಆಗ ಅದು ಬರೀ ಮಾರ್ಕ್ಸ್‌ಗೆ ಓದಿದ್ದು. ಆ ಫೋನ್ ಬಂದ ಮೇಲೆ ಆ ಕಥೆ ತಾನಾಗೇ ನೆನಪಿಗೆ ಬಂತು.

ಅವನ ರಾವಣ ಹತ್ತು ತಲೆಯ ರಾಕ್ಷಸ ಅಲ್ಲ. ಒಲ್ಲದ ಹೆಣ್ಣನ್ನ ಮುಟ್ಟಲ್ಲ ಅಂತ ವ್ರತ ಹಿಡಿದವನು. ಆದರೂ ಸೀತೆ ಮೇಲೆ ಮನಸ್ಸಾಗಿ ಹೊತ್ಕೊಂಡು ಬಂದಿದ್ದಾನೆ. ಒಂದು ದಿನ ತನ್ನ ಶಕ್ತಿ ಹೇಳ್ಕೊಂಡು ಅವಳ ಮುಂದೆ ಬರ್ತಾನೆ. ಸೀತೆ ರಾಮನ ಪ್ರಾಣಕ್ಕಾಗಿ ಬೇಡ್ಕೊಂಡು ಮೂರ್ಛೆ ಹೋಗ್ತಾಳೆ. ಆಗ ರಾವಣನ ಮನಸ್ಸು ತಿಳಿಯಾಗುತ್ತೆ. ಇಷ್ಟು ಪ್ರೀತಿಸೋ ಇಬ್ಬರನ್ನ ನಾನು ಅಗಲಿಸಿದೆನಲ್ಲ ಅಂತ ಪಶ್ಚಾತ್ತಾಪ ಪಡ್ತಾನೆ. ವಾಪಸ್ ಕೊಟ್ಟುಬಿಡಬೇಕು ಅಂತಲೂ ತೀರ್ಮಾನ ಮಾಡ್ತಾನೆ.

ಆದರೆ ಈಗಲೇ ಕೊಡಲ್ಲ. ಈಗ ಕೊಟ್ರೆ ಜನ ಹೆದರಿ ಕೊಟ್ಟ ಅಂತಾರೆ. ಮೊದಲು ಯುದ್ಧದಲ್ಲಿ ರಾಮ ಲಕ್ಷ್ಮಣರನ್ನ ಸೆರೆಹಿಡಿದು, ಆಮೇಲೆ ದೊಡ್ಡ ಮನಸ್ಸಿಂದ ಕೊಡ್ತೀನಿ ಅಂತಾನೆ. ಆ ‘ಆಮೇಲೆ’ ಬರಲೇ ಇಲ್ಲ, ಯುದ್ಧದಲ್ಲಿ ಸತ್ತ. ಬಿ.ಎಂ. ಶ್ರೀಕಂಠಯ್ಯನವರು ಇವನನ್ನ ದುರಂತ ರಾವಣ ಅಂತ ಗುರುತಿಸಿದ್ದು ಇದಕ್ಕೇ.

ಬಿಡಬೇಕು ಅಂತ ಗೊತ್ತಾಗೋದು ಬೇರೆ, ಬಿಡೋದು ಬೇರೆ. ಮಧ್ಯದಲ್ಲಿ ನಮ್ಮ ಒಣ ಮರ್ಯಾದೆ ಕೂತಿರುತ್ತೆ. ‘ಕೊನೇದಾಗಿ ಒಂದು ಸಲ ಮಾತಾಡಿ ಬಿಡ್ತೀನಿ.’ ‘ನಾನು ಕೆಟ್ಟೋನಲ್ಲ ಅಂತ ಅವಳಿಗೆ ಅರ್ಥ ಮಾಡಿಸಿ ಬಿಡ್ತೀನಿ.’ ‘ಸಾರಿ ಕೇಳಿ ಬಿಡ್ತೀನಿ.’ ನಾನೂ ಒಂದು ಉದ್ದದ ಸಾರಿ ಮೆಸೇಜ್ ಟೈಪ್ ಮಾಡಿದ್ದೆ. ಮೇಡಂ ಹೇಳಿದರು, “ಈ ಸಾರಿ ಯಾರಿಗೋಸ್ಕರ? ಅವಳಿಗೋ, ನಿನಗೋ? ಅವಳು ಕೇಳಿರೋದು ನೀನು ಸುಮ್ಮನಿರೋದನ್ನ. ಅದನ್ನ ಕೊಡು.” ಅಳಿಸಿಹಾಕಿದೆ. ಇವತ್ತಿಗೂ ಕಳಿಸಿಲ್ಲ.

ಮರೆಯೋದಲ್ಲ, ಬಿಡೋದು

ಬಿಟ್ಟ ಮೇಲೆ ಆರಾಮಾಗಿದ್ದೆ ಅಂತ ಅಂದ್ಕೋಬೇಡಿ. ಮೊದಲ ಎರಡು ತಿಂಗಳು ನರಕ. ‘ಅವಳ ಬಗ್ಗೆ ಯೋಚಿಸಲ್ಲ’ ಅಂತ ದಿನಾ ಬೆಳಗ್ಗೆ ಆಣೆ ಮಾಡೋನು, ಆಣೆ ಮಾಡೋವಾಗಲೇ ಅವಳ ನೆನಪು ಬರೋದು. ಡೇನಿಯಲ್ ವೆಗ್ನರ್ ಅನ್ನೋ ವಿಜ್ಞಾನಿ 1987ರಲ್ಲಿ ಇದನ್ನೇ ತೋರಿಸಿದ್ದರು. ಬಿಳಿ ಕರಡಿ ಬಗ್ಗೆ ಯೋಚಿಸಬೇಡಿ ಅಂತ ಜನರಿಗೆ ಹೇಳಿದ್ರೆ, ಬಿಳಿ ಕರಡಿಯೇ ಮತ್ತೆ ಮತ್ತೆ ಬರುತ್ತೆ.

ಆ ಬೇಸಿಗೇಲಿ ಅಜ್ಜಿ ಜೊತೆ ಕಬಿನಿ ಹಿನ್ನೀರಿನ ಕಡೆ ಹೋಗಿದ್ದೆ. ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ಆಗ ಮುಳುಗಿದ ಊರುಗಳಲ್ಲಿ ನಮ್ಮಜ್ಜಿ ತವರೂ ಒಂದು. ಏಪ್ರಿಲ್ ಮೇ ತಿಂಗಳಲ್ಲಿ ನೀರು ಇಳಿದು, ಹುಲ್ಲು ಚಿಗುರಿ, ಆನೆ ಹಿಂಡು ಮೇಯೋಕೆ ಬರುತ್ತಲ್ಲ, ಆ ಹೊತ್ತಲ್ಲಿ ಹಳೇ ಊರಿನ ಕಲ್ಲುಗಳು ಅಲ್ಲಲ್ಲಿ ಕಾಣುತ್ತೆ. ಅಜ್ಜಿ ಕೈ ತೋರಿಸಿ, ಅಗೋ ಅಲ್ಲಿ ನಮ್ಮ ಮನೆ ಇತ್ತು ಅಂತು. ನನಗೆ ಕೆಸರು ಬಿಟ್ರೆ ಏನೂ ಕಾಣಲಿಲ್ಲ. ಮರೆತು ಹೋಗಲ್ವಾ ಅಜ್ಜಿ ಅಂತ ಕೇಳಿದೆ.

“ಯಾಕ್ ಮರೀಬೇಕು? ನೀರು ಇಳುದ್ರೆ ಕಾಣ್ತದೆ. ನೋಡ್ತೀನಿ, ಎದ್ದು ಬತ್ತೀನಿ. ಅಲ್ಲೇ ಮನೆ ಕಟ್ಕಂಡು ಕೂರಕ್ಕಾದದಾ ಮಗ?”

ಅವತ್ತಿಂದ ಮರೆಯೋ ಪ್ರಯತ್ನ ಬಿಟ್ಟೆ. ನೆನಪು ಬಂದ್ರೆ ಬರಲಿ, ಎದ್ದು ಬಂದ್ರಾಯ್ತು. ನನ್ನ ಕೈಯಲ್ಲಿದ್ದದ್ದು ನೆನಪಲ್ಲ, ಕಾಲು ಮತ್ತು ಬೆರಳು. ಎಲ್ಲಿಗೆ ಹೋಗ್ತೀನಿ, ಏನು ಒತ್ತುತೀನಿ.

ಹಾಗಾಗಿ ನಾನು ಮಾಡಿದ್ದು ಸಣ್ಣ ಸಣ್ಣ ಕೆಲಸ. ನಂಬರ್ ಡಿಲೀಟ್ ಮಾಡಿದೆ, ಬಾಯಿಪಾಠ ಇತ್ತು, ಆದರೂ ಮಾಡಿದೆ. ಚಾಟ್ ಅಳಿಸಿದೆ. ಇನ್‌ಸ್ಟಾಗ್ರಾಂ ಮೂರು ತಿಂಗಳು ಫೋನಿಂದಲೇ ತೆಗೆದೆ. ಅವಳ ಸುದ್ದಿ ತರಬೇಡ್ರೋ ಅಂತ ಫ್ರೆಂಡ್ಸ್‌ಗೆ ಹೇಳಿದೆ. ‘ಟ್ರೈ ಮಾಡು’ ಅಂತಿದ್ದ ಒಬ್ಬನ ಸಹವಾಸ ಕಮ್ಮಿ ಮಾಡಿದೆ. ರಾತ್ರಿ ಫೋನು ತಂಗಿ ಹತ್ರ ಕೊಟ್ಟು ಮಲಗ್ತಿದ್ದೆ. ಅವಳು ಯಾಕೆ ಅಂತ ಕೇಳಲಿಲ್ಲ, ಅದೇ ದೊಡ್ಡ ಉಪಕಾರ. ಹಗಲು ಅಪ್ಪನ ಜೊತೆ ಶುಂಠಿ ಹೊಲದಲ್ಲಿ ಕೆಲಸ ಮಾಡಿದೆ. ಆಮೇಲೆ ಮೈಸೂರಲ್ಲಿ ಕೆಲಸ ಸಿಕ್ತು. ಸಂಜೆ ತಡೆಯೋಕೆ ಆಗದೇ ಇದ್ದಾಗ ಕುಕ್ಕರಹಳ್ಳಿ ಕೆರೆ ಸುತ್ತ ನಡೀತಿದ್ದೆ. ಒಂದು ಸುತ್ತಿಗೆ ಆಗಲಿಲ್ಲ ಅಂದ್ರೆ ಎರಡು ಸುತ್ತು.

ಯಾವತ್ತು ಹೋಯ್ತು ಆ ನೋವು ಅಂದ್ರೆ ತಾರೀಖು ಹೇಳೋಕೆ ಬರಲ್ಲ. ಒಂದು ದಿನ ಮಧ್ಯಾಹ್ನ ಊಟ ಮಾಡ್ತಾ ಹೊಳೀತು, ಬೆಳಗ್ಗೆಯಿಂದ ಅವಳ ನೆನಪೇ ಬಂದಿಲ್ಲವಲ್ಲ ಅಂತ. ನೆನಪು ಬಂದಿಲ್ಲ ಅಂತ ನೆನಪು ಬಂತು. ನಕ್ಕೆ.

ಕಳೆದ ವರ್ಷ ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಲ್ಲಿ ಅವಳು ಕಂಡ್ಲು. ದೂರದಲ್ಲಿ, ಕತ್ತಲ್ಲಿ ಯಾವುದೋ ಆಫೀಸಿನ ಐಡಿ ಕಾರ್ಡು ಹಾಕ್ಕೊಂಡು, ಯಾರ ಜೊತೆಗೋ ಫೋನಲ್ಲಿ ನಗ್ತಾ ಇದ್ಲು. ಎದೆ ಝಲ್ ಅಂತು. ಸುಳ್ಳು ಹೇಳಲ್ಲ, ಅಂತು. ಆ ಐಡಿ ಕಾರ್ಡ್ ನೋಡಿ, ಒಳ್ಳೇದಾಯ್ತು ಅಂತಲೂ ಅನ್ನಿಸ್ತು. ಹೋಗಿ ಮಾತಾಡಿಸಬಹುದಿತ್ತು. ನನ್ನ ಬಸ್ ಬಂದಿತ್ತು. ಹತ್ತಿ ಕೂತೆ.

ಇಷ್ಟೇ ನನ್ನ ಕಥೆ.

ಈಗ ನಿಮ್ಮಲ್ಲಿ ಯಾರಿಗಾದ್ರೂ ಇದು ನನ್ನ ಕೈಮೀರಿ ಹೋಗಿದೆ, ಊಟ ನಿದ್ದೆ ಇಲ್ಲ, ಬದುಕೋದೇ ಬೇಡ ಅನ್ನಿಸ್ತಿದೆ ಅಂದ್ರೆ, ದಯವಿಟ್ಟು ಒಬ್ಬರೇ ಇರಬೇಡಿ. ಮನೇಲಿ ಒಬ್ಬರಿಗೆ ಹೇಳಿ. ಅವರಿಗೆ ಹೇಳೋಕೆ ಆಗಲ್ಲ ಅಂದ್ರೆ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಸರ್ಕಾರ ಶುರು ಮಾಡಿದ ಸಹಾಯವಾಣಿ ಇದು, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಹಾಗೇ, ಯಾರೋ ನಿಮ್ಮ ಹಿಂದೆ ಬಿದ್ದು ಕಷ್ಟ ಕೊಡ್ತಿದ್ದಾರೆ ಅಂದ್ರೆ ಹೆಣ್ಣುಮಕ್ಕಳು 181ಕ್ಕೆ ಮಾಡಿ. ತುರ್ತು ಅಂದ್ರೆ 112. ಅದರಲ್ಲಿ ನಿಮ್ಮ ತಪ್ಪಿಲ್ಲ.

ಮತ್ತೆ, ರಾತ್ರಿ ಎರಡು ಗಂಟೆಗೆ ಇದನ್ನ ಕೇಳ್ತಿರೋರೇ, ಅವರ ಲಾಸ್ಟ್ ಸೀನ್ ಇನ್ನೊಂದು ಸಲ ನೋಡೋಕೆ ಮುಂಚೆ ನಿಮ್ಮ ಮನೆ ಕಡೆ ಒಂದು ಸಲ ತಿರುಗಿ ನೋಡಿ. ಅಲ್ಲಿ ಯಾರೋ ನೀವು ಊಟ ಮಾಡಿದ್ರೋ ಇಲ್ವೋ ಅಂತ ಯೋಚಿಸ್ತಾ ಮಲಗಿರ್ತಾರೆ.

ಫೋನ್ ಪಕ್ಕಕ್ಕಿಡಿ. ಮಲ್ಕೊಳ್ಳಿ. ಮುಂದಿನ ವಾರ ಸಿಗೋಣ. ನಮಸ್ಕಾರ.